ಡಿಸ್ಕ್‌ನ ದೋಷ ಕಂಪನಿಗೆ ಗೊತ್ತು, ಕೊಂಡವನಿಗೆ ಯಾಕೆ ಹೇಳಲ್ಲ?

ಮಾನ್ಯ ಸಂಪಾದಕರೇ,

ನಾನು ಕೋಲಾರದಲ್ಲಿ ಹದಿನಾಲ್ಕು ವರ್ಷದಿಂದ ಫೋಟೊ ಸ್ಟುಡಿಯೊ ನಡೆಸುತ್ತಿದ್ದೇನೆ. ಮದುವೆ, ನಾಮಕರಣ, ಗೃಹಪ್ರವೇಶ, ಇದೇ ಕೆಲಸ. ಹೋದ ಮದುವೆ ಸೀಸನ್‌ನಲ್ಲಿ ಒಂದು ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಎಸ್‌ಎಸ್‌ಡಿ (ಫೈಲ್‌ಗಳನ್ನು ಮೆಮೊರಿ ಚಿಪ್‌ನಲ್ಲಿ ಇಡುವ ಹೊಸ ತರಹದ ಡಿಸ್ಕ್) ಕಾಣಿಸಲೇ ಇಲ್ಲ. ಹಿಂದಿನ ರಾತ್ರಿ ಹನ್ನೊಂದರವರೆಗೆ ಅದರಲ್ಲೇ ಆಲ್ಬಂ ಮಾಡಿದ್ದೆ. ಹಳೇ ಹಾರ್ಡ್ ಡಿಸ್ಕ್ ಆಗಿದ್ದರೆ ಕೆಡುವ ಮೊದಲು ಎಷ್ಟೋ ಸಲ ಕಟಕಟ ಅಂತ ಸದ್ದು ಮಾಡುತ್ತಿತ್ತು, ನಾವೂ ಗಡಿಬಿಡಿಯಲ್ಲಿ ಎಲ್ಲವನ್ನೂ ಬೇರೆ ಕಡೆ ಹಾಕಿಕೊಳ್ಳುತ್ತಿದ್ದೆವು. ಇದು ಒಂದು ಮಾತೂ ಹೇಳದೆ ಹೋಯಿತು. ಡಿಸ್ಕ್‌ನ ಆರೋಗ್ಯ ತೋರಿಸುವ ಸಾಫ್ಟ್‌ವೇರ್‌ನಲ್ಲಿ ಹಿಂದಿನ ವಾರವಷ್ಟೇ 97 ಪರ್ಸೆಂಟ್ ಅಂತ ನೋಡಿದ್ದೆ.

ಅದರಲ್ಲಿ ಮೂರು ಮದುವೆ ಇದ್ದವು. ಎರಡಕ್ಕೆ ಕಾಪಿ ಇತ್ತು. ಮೂರನೆಯದಕ್ಕೆ ಇರಲಿಲ್ಲ. ಕ್ಯಾಮೆರಾ ಕಾರ್ಡನ್ನು ಮರುದಿನದ ಮದುವೆಗೆ ಅಂತ ಖಾಲಿ ಮಾಡಿದ್ದೆ. ಆ ಮನೆಯವರಿಗೆ ಹೇಗೆ ಹೇಳಿದೆ ಅಂತ ಇಲ್ಲಿ ಬರೆಯಲು ನನ್ನಿಂದ ಆಗುವುದಿಲ್ಲ. ನೆಂಟರ ಮೊಬೈಲ್‌ಗಳಲ್ಲಿದ್ದ ಫೋಟೊಗಳನ್ನು ವಾಟ್ಸಾಪ್‌ನಲ್ಲಿ ಒಂದೊಂದಾಗಿ ತರಿಸಿಕೊಂಡು, ಧಾರೆ ಮುಹೂರ್ತದ್ದು ಬರೀ ನಾಲ್ಕು ಸಿಕ್ಕಿ, ಅದರಲ್ಲೇ ಒಂದು ಆಲ್ಬಂ ಮಾಡಿಕೊಟ್ಟೆ. ದುಡ್ಡು ವಾಪಸ್ ಕೊಟ್ಟೆ.

ಡಿಸ್ಕ್ ತೆಗೆದುಕೊಂಡು ಬೆಂಗಳೂರಿಗೆ ಹೋದೆ. ಡೇಟಾ ತೆಗೆಯುವವರು ನೋಡಿ, ಮೆಮೊರಿ ಚಿಪ್ ಹಾಳಾದ ಹಾಗಿಲ್ಲ, ಡಿಸ್ಕ್ ನಡೆಸುವ ಚಿಪ್, ಅಂದರೆ ಕಂಟ್ರೋಲರ್, ಉತ್ತರ ಕೊಡುತ್ತಿಲ್ಲ, ಮೆಮೊರಿ ಚಿಪ್ ಕಿತ್ತು ಓದಿದರೂ ಒಳಗಿರುವುದು ಎನ್‌ಕ್ರಿಪ್ಟ್ (ಗುಪ್ತ ಸಂಕೇತದಲ್ಲಿ) ಆಗಿರುವುದರಿಂದ ಏನೂ ಅರ್ಥವಾಗುವುದಿಲ್ಲ ಅಂದರು. ಕಂಪನಿಯವರು ವಾರಂಟಿಯಲ್ಲಿ ಬೇರೆ ಡಿಸ್ಕ್ ಕೊಟ್ಟರು. ವಾರಂಟಿ ಡಿಸ್ಕ್‌ಗೆ ಮಾತ್ರ, ಅದರಲ್ಲಿದ್ದ ಡೇಟಾಗೆ ಇಲ್ಲ.

ಆಮೇಲೆ ನಾನೇ ಕೂತು ಹುಡುಕಿದೆ. ನನ್ನ ಮಾಡೆಲ್‌ಗೆ ಆರು ತಿಂಗಳ ಹಿಂದೆಯೇ ಹೊಸ ಫರ್ಮ್‌ವೇರ್, ಅಂದರೆ ಡಿಸ್ಕ್‌ನ ಒಳಗೇ ಇರುವ ಸಾಫ್ಟ್‌ವೇರ್, ಬಂದಿತ್ತು. ಕೆಲವು ಸಲ ಆನ್ ಮಾಡಿದಾಗ ಡಿಸ್ಕ್ ಕಾಣಿಸದೇ ಹೋಗುವ ತೊಂದರೆ ಸರಿಪಡಿಸಲಾಗಿದೆ ಅಂತ ಇಂಗ್ಲಿಷ್‌ನಲ್ಲಿ ಒಂದೇ ಒಂದು ಸಾಲು. ನನ್ನ ಡಿಸ್ಕ್ ಸತ್ತಿದ್ದು ಇದರಿಂದಲೇ ಅಂತ ನಾನು ಆಣೆ ಮಾಡಲಾರೆ. ಆದರೆ ಆಗಿದ್ದು ಅದೇ ತರಹ. ಜಾಸ್ತಿ ಹೊಟ್ಟೆ ಉರಿದದ್ದು ಏನೆಂದರೆ, ಬದಲಿಗೆ ಬಂದ ಡಿಸ್ಕ್‌ನಲ್ಲೂ ಅದೇ ಹಳೇ ಫರ್ಮ್‌ವೇರ್ ಇತ್ತು!

ಈ ಫರ್ಮ್‌ವೇರ್ ಏನು ಮಾಡುತ್ತದೆ? ನಮ್ಮ ಟೊಮೆಟೊ ಮಾರ್ಕೆಟ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಾವಿರಾರು ಕ್ರೇಟ್ ಬಂದು ಬೀಳುತ್ತವೆ, ಯಾರ ಮಾಲು ಎಲ್ಲಿದೆ ಅಂತ ಮಂಡಿಯ ರೈಟರ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಎಸ್‌ಎಸ್‌ಡಿಯಲ್ಲಿ ಫರ್ಮ್‌ವೇರ್ ಮಾಡುವುದೂ ಅದೇ. ಒಂದೇ ಜಾಗ ಬೇಗ ಸವೆಯಬಾರದು ಅಂತ ನಮ್ಮ ಫೈಲ್‌ಗಳನ್ನು ಅದು ಆಗಾಗ ಜಾಗ ಬದಲಾಯಿಸುತ್ತಲೇ ಇರುತ್ತದೆ, ಯಾವುದು ಎಲ್ಲಿದೆ ಅಂತ ಲೆಕ್ಕ ಇಟ್ಟಿರುತ್ತದೆ. ರೈಟರ್ ಲೆಕ್ಕ ತಪ್ಪಿದರೆ ಮಾಲು ಅಲ್ಲೇ ಇದ್ದರೂ ಯಾರಿಗೂ ಸಿಗುವುದಿಲ್ಲ.

ದೊಡ್ಡ ಕಂಪನಿಗಳಿಗೂ ಇದು ತಪ್ಪಿದ್ದಲ್ಲ. 2011ರಲ್ಲಿ ಇಂಟೆಲ್‌ನ 320 ಸರಣಿಯ ಡಿಸ್ಕ್‌ಗಳು ಇದ್ದಕ್ಕಿದ್ದಂತೆ ಕರೆಂಟ್ ಹೋದಾಗ ಕೆಲವು ಸಲ ಬರೀ 8 ಎಂಬಿ ಜಾಗ ಇದೆ ಅಂತ ತೋರಿಸುತ್ತಿದ್ದವು, ಒಳಗಿದ್ದದ್ದೆಲ್ಲ ಹೋಗುತ್ತಿತ್ತು. ಕರೆಂಟ್ ಯಾವಾಗ ಹೋಗುತ್ತೆ ಅಂತ ಗೊತ್ತಿಲ್ಲದ ನಮ್ಮಂಥ ಊರುಗಳಲ್ಲಿ ಇಂಥ ದೋಷ ಎಷ್ಟು ಅಪಾಯ ಅಲ್ವಾ? ಕ್ರೂಶಿಯಲ್ ಕಂಪನಿಯ ಎಂ4 ಡಿಸ್ಕ್ 5,184 ಗಂಟೆ ಓಡಿದ ಮೇಲೆ ನಿಂತುಹೋಗುತ್ತಿತ್ತು. ಮತ್ತೆ ಆನ್ ಮಾಡಿದರೆ ಒಂದು ಗಂಟೆ ಓಡಿ ಮತ್ತೆ ನಿಲ್ಲುತ್ತಿತ್ತು. 2012ರ ಜನವರಿಯಲ್ಲಿ ಅದಕ್ಕೆ ಹೊಸ ಫರ್ಮ್‌ವೇರ್ ಬಂತು.

ನನಗೆ ನಿದ್ದೆ ಕೆಡಿಸಿದ್ದು 2019ರ ನವೆಂಬರ್‌ನ ಸುದ್ದಿ. ಎಚ್‌ಪಿಇ (ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್) ಕಂಪನಿ ತನ್ನ ಸರ್ವರ್‌ಗಳ, ಅಂದರೆ ದೊಡ್ಡ ಸಂಸ್ಥೆಗಳು ಡೇಟಾ ಇಡುವ ಕಂಪ್ಯೂಟರ್‌ಗಳ, ಕೆಲವು ಎಸ್‌ಎಸ್‌ಡಿಗಳು ಸರಿಯಾಗಿ 32,768 ಗಂಟೆಗೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದ ಮೇಲೆ ಸತ್ತುಹೋಗುತ್ತವೆ, ಡಿಸ್ಕೂ ಡೇಟಾನೂ ಮತ್ತೆ ಸಿಗಲ್ಲ ಅಂತ ಎಚ್ಚರಿಸಿತು. ಕಂಪ್ಯೂಟರ್ ಮೈನಸ್ ಸಂಖ್ಯೆಯನ್ನೂ ಇಟ್ಟುಕೊಳ್ಳುವ 16 ಬಿಟ್‌ನ (ಹದಿನಾರು ಸೊನ್ನೆ-ಒಂದುಗಳ) ಎಣಿಕೆಯಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 32,767. ಅದಕ್ಕಿಂತ ಒಂದು ಜಾಸ್ತಿಯಾದರೆ ಲೆಕ್ಕ ಮೈನಸ್‌ಗೆ ಇಳಿಯುತ್ತದೆ. ಪ್ರೋಗ್ರಾಂ ಬರೆಯುವವರಿಗೆ ಈ ಸಂಖ್ಯೆ ನೋಡಿದ ಕೂಡಲೇ ಏನಾಗಿರಬಹುದು ಅಂತ ಹೊಳೆಯುತ್ತದೆ. ಒಂದು ಹೋದರೆ ಇನ್ನೊಂದಿರಲಿ ಅಂತ ಸರ್ವರ್‌ಗಳಲ್ಲಿ ಹಲವು ಡಿಸ್ಕ್ ಜೋಡಿಸಿರುತ್ತಾರೆ, ಆದರೆ ಎಲ್ಲವನ್ನೂ ಒಂದೇ ದಿನ ಹಾಕಿದ್ದರೆ ಎಲ್ಲವೂ ಒಟ್ಟಿಗೇ ಹೋಗುತ್ತವೆ. 2020ರಲ್ಲಿ ಅದೇ ಕಂಪನಿಯ ಬೇರೆ ಕೆಲವು ಡಿಸ್ಕ್‌ಗಳಿಗೆ 40,000 ಗಂಟೆಯ ಇಂಥದೇ ಗಂಡಾಂತರ ಹೊರಬಿತ್ತು. ಕಂಪನಿ ಮುಚ್ಚಿಡದೆ ಹೇಳಿತು, ಅದು ಒಳ್ಳೆಯ ಕೆಲಸ. ಆದರೆ ಸರ್ವರ್ ಇಟ್ಟವರ ಹತ್ತಿರ ಇಂಥದ್ದನ್ನು ಓದಲು ಸಂಬಳದ ಜನ ಇರುತ್ತಾರೆ. ನಮ್ಮ ಹತ್ತಿರ ಯಾರಿದ್ದಾರೆ?

ಈಗ ಡಿಟಿಪಿ ಅಂಗಡಿ, ಕ್ಲಿನಿಕ್, ಮಂಡಿ, ಟ್ಯೂಷನ್ ಸೆಂಟರ್, ಎಲ್ಲ ಕಡೆ ಹಳೇ ಕಂಪ್ಯೂಟರ್‌ಗೆ ಎಸ್‌ಎಸ್‌ಡಿ ಹಾಕಿಸುತ್ತಿದ್ದಾರೆ. ಸ್ಪೀಡ್ ನಿಜವಾಗಿಯೂ ಬರುತ್ತದೆ, ನಾನೂ ಬಿಟ್ಟಿಲ್ಲ. ಆದರೆ ಫರ್ಮ್‌ವೇರ್ ಅನ್ನೋದು ಒಂದಿದೆ ಅಂತಲೇ ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಡಿಸ್ಕ್ ಹೋದರೆ ವೈರಸ್ ಬಂತು, ಗ್ರಹಚಾರ ಅಂತ ಸುಮ್ನೆ ಆಗುತ್ತಾರೆ.

ಕಾರಿನಲ್ಲಿ ದೋಷ ಕಂಡರೆ ಕಂಪನಿ ವಾಪಸ್ ಕರೆಸುತ್ತದೆ, ನಾವು ಪತ್ರಿಕೆಯಲ್ಲೇ ಓದುತ್ತೇವೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ಹಾಗೆ ಆದೇಶ ಮಾಡುವ ಅಧಿಕಾರ ಸರ್ಕಾರಕ್ಕೂ ಇದೆ. ಡಿಸ್ಕ್‌ಗೆ ವಾಪಸ್ ಕರೆಸುವುದೂ ಬೇಕಿಲ್ಲ, ಒಂದು ಮೆಸೇಜ್ ಸಾಕು. ಬಿಲ್ ಹಾಕುವಾಗ ಅಂಗಡಿಯವರು ನಮ್ಮ ಫೋನ್ ನಂಬರ್ ಬರೆದುಕೊಂಡೇ ಇರುತ್ತಾರೆ. ಯುಗಾದಿಗೂ ದೀಪಾವಳಿಗೂ ಡಿಸ್ಕೌಂಟ್ ಮೆಸೇಜ್ ತಪ್ಪದೆ ಬರುತ್ತದೆ. ಅದೇ ನಂಬರಿಗೆ ಕನ್ನಡದಲ್ಲಿ, ನಿಮ್ಮ ಈ ಮಾಡೆಲ್‌ನಲ್ಲಿ ತೊಂದರೆ ಇದೆ, ಡೇಟಾ ಕಾಪಿ ಮಾಡಿಟ್ಟು ಅಂಗಡಿಗೆ ತನ್ನಿ, ಅಪ್‌ಡೇಟ್ ಮಾಡಿಕೊಡುತ್ತೇವೆ ಅಂತ ಕಳಿಸಲಿ. ಹೊಸದು ಮಾರುವಾಗ ಫರ್ಮ್‌ವೇರ್ ಯಾವುದು ಅಂತ ನೋಡಿ, ಹಳೆಯದಿದ್ದರೆ ಹೊಸದು ಹಾಕಿಯೇ ಕೊಡಲಿ. ಹತ್ತು ನಿಮಿಷದ ಕೆಲಸ. ಈಗ ನನ್ನ ಹತ್ತಿರ ಬರುವ ಗೆಳೆಯರ ಕಂಪ್ಯೂಟರ್‌ಗೆ ನಾನೇ ಮಾಡಿಕೊಡುತ್ತಿದ್ದೇನೆ. ಮಧ್ಯೆ ಕರೆಂಟ್ ಹೋದರೆ ಇನ್ನೂ ಕಷ್ಟ, ಅದಕ್ಕೇ ಯುಪಿಎಸ್ ಇಲ್ಲದೆ ಕೈ ಹಾಕುವುದಿಲ್ಲ.

ನಿಮ್ಮಲ್ಲೂ ಒಂದು ಕೋರಿಕೆ. ಇಂಥ ದೋಷದ ಸುದ್ದಿ ಬಂದಾಗ ಟೊಮೆಟೊ ದರ, ಚಿನ್ನದ ದರ ಹಾಕುವ ಪುಟದಲ್ಲಿ ನಾಲ್ಕು ಸಾಲು ಜಾಗ ಕೊಡಿ. ಮಾಡೆಲ್ ಹೆಸರು, ಆಗುವ ತೊಂದರೆ, ಹಾಕಬೇಕಾದ ಫರ್ಮ್‌ವೇರ್ ನಂಬರ್, ಇಷ್ಟಿದ್ದರೆ ಸಾಕು.

ಇತಿ,
ಸ್ಟುಡಿಯೊ ನಡೆಸುವ ಓದುಗ, ಕೋಲಾರ