ಸ್ಪೀಕರ್ ಸರಿಸಿ ಕೊಟ್ಟ ಅಣ್ಣನಿಗೆ

ಮಂಗಳೂರಿನ ಆಡಿಯೋ ಪ್ರದರ್ಶನದಲ್ಲಿ ಮೂಲೆ ಕೋಣೆಯ ಸ್ಪೀಕರ್‌ಗಳನ್ನು ಸರಿ ಮಾಡಿಕೊಟ್ಟ ಅಣ್ಣ ಹೆಸರು ಕೇಳುವ ಮೊದಲೇ ಹೊರಟುಬಿಟ್ಟರು. ಹಾಗಾಗಿ ಇಲ್ಲೇ ಹೇಳುತ್ತೇವೆ: ದೊಡ್ಡ ಉಪಕಾರವಾಯಿತು.

ಹಾಕಿದ್ದು ಯಕ್ಷಗಾನದ ಧ್ವನಿಮುದ್ರಣ. ಮದ್ದಳೆಗೆ ತೂಕವೇ ಇಲ್ಲ, ಭಾಗವತರ ಸ್ವರ ನಡುವೆ ನಿಲ್ಲುತ್ತಲೇ ಇರಲಿಲ್ಲ. ಅವರು ಮೊದಲು ನೋಡಿದ್ದು ತಂತಿ. ಒಂದು ಸ್ಪೀಕರಿನಲ್ಲಿ ಕೆಂಪು, ಕಪ್ಪು ಅದಲುಬದಲಾಗಿತ್ತು. ಒಂದರ ಕೋನ್ (ಅಲುಗಾಡಿ ಸದ್ದು ಮಾಡುವ ಭಾಗ) ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಹೋದರೆ ಎರಡರ ಬೇಸ್, ಅಂದರೆ ತಗ್ಗು ಸ್ವರ, ಒಂದನ್ನೊಂದು ಕೊಲ್ಲುತ್ತದೆ. ತಂತಿಯ ತುದಿ ಕಡಲ ಗಾಳಿಗೆ ಹಸಿರುಗಟ್ಟಿತ್ತು. ಒಂದು ಇಂಚು ಕತ್ತರಿಸಿ, ಹೊಳೆಯುವ ತಾಮ್ರ ಬಿಡಿಸಿ, ಬಿಗಿದರು.

ಈಗ ಬೇಸ್ ಬಂತು, ಆದರೆ ಗುಂಯ್‌ಗುಟ್ಟಿತು. ಗೋಡೆಗೆ ತಾಗಿದ್ದ ಸ್ಪೀಕರ್‌ಗಳನ್ನು 70 ಸೆಂಟಿಮೀಟರ್ ಮುಂದೆ ತಂದರು. ಕುರ್ಚಿಯನ್ನೂ ಹಿಂಗೋಡೆಯಿಂದ ಬಿಡಿಸಿದರು, ಆದರೆ ಕೋಣೆಯ ನಟ್ಟನಡುವೆ ಇಡಲಿಲ್ಲ. 4 ಮೀಟರ್ ಉದ್ದದ ಕೋಣೆಯಲ್ಲಿ ಸುಮಾರು 43 ಹರ್ಟ್ಸ್ ಸ್ವರ ಗೋಡೆಯ ಬಳಿ ಉಬ್ಬುತ್ತದೆ, ನಡುವೆ ಮಾಯವಾಗುತ್ತದೆ. ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸುತ್ತಾ, ಕುರ್ಚಿಯಿಂದ ಅದರಲ್ಲಿ ಟ್ವೀಟರ್ (ಏರು ಸ್ವರದ ಚಿಕ್ಕ ಸ್ಪೀಕರ್) ಕಾಣುವ ಜಾಗಕ್ಕೆ ದಪ್ಪ ಕಂಬಳಿ ತೂಗಿಸಿದರು; ಸದ್ದು ಗೋಡೆಗೆ ಬಡಿದು ಕಿವಿಗೆ ಬರುವುದು ಅಲ್ಲಿಂದಲೇ. ಚೆಂಡೆಯ ಪೆಟ್ಟು ಎಷ್ಟು ಚೊಕ್ಕವಾಯಿತು ಮಾರಾಯ್ರೆ!

ಉಳಿದದ್ದು ಕರೆಂಟಿನ 50 ಹರ್ಟ್ಸ್ ಗುಂಯ್. ಆಂಪ್ಲಿಫೈಯರ್, ಪ್ಲೇಯರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದಾಗ ನಿಂತಿತು. ಅದಕ್ಕೂ ಮೊದಲು, ಗುಂಯ್ ನಿಲ್ಲಿಸಲು ಪ್ಲಗ್ಗಿನ ಅರ್ತಿಂಗ್ ಪಿನ್ ಮುರಿಯೋಣ ಎಂದವರನ್ನು ಅವರು ತಡೆದರು: ಆ ಪಿನ್ ಇಲ್ಲದೆ ಒಳಗೆ ಶಾರ್ಟ್ ಆದರೆ ಆಂಪ್ಲಿಫೈಯರಿನ ಲೋಹದ ಪೆಟ್ಟಿಗೆ ಮುಟ್ಟಿದವರಿಗೆ ಕರೆಂಟ್ ಹೊಡೆಯುತ್ತದೆ. ಅದನ್ನು ಅಷ್ಟು ಗಟ್ಟಿಯಾಗಿ ಹೇಳಿದ್ದಕ್ಕೆ ಅಣ್ಣನಿಗೆ ಇನ್ನೊಂದು ನಮಸ್ಕಾರ.