ಬೇಸ್‌ಗೂ ಸ್ವಲ್ಪ ಕಿವಿ ಕೊಡು

ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಒಂದು ಮಾತು ಹೇಳಿದೆ. "ಹಾಡಿನಲ್ಲಿ ಬೇಸ್ ಗಿಟಾರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನನಗಂತೂ ಅದು ಕೇಳಿಸುವುದೇ ಇಲ್ಲ" ಅಂತ. ಹಾಡಿನ ತಳದಲ್ಲಿ ದಪ್ಪ ಸ್ವರ ನುಡಿಸುವ ಆ ಗಿಟಾರ್ ಬಗ್ಗೆ ಏನಾದರೂ ಹೇಳುವ ಮೊದಲೇ ಆವತ್ತು ಮಾತು ಬೇರೆಲ್ಲೋ ಹೋಯಿತು. ಆದರೆ ಅದನ್ನು ಅಷ್ಟಕ್ಕೇ ಬಿಡಲು ನನಗೆ ಮನಸ್ಸಿಲ್ಲ.

ಮೊದಲು ಒಂದು ಕೆಲಸ ಮಾಡು. ಫೋನಿನ ಸ್ಪೀಕರ್‌ನಲ್ಲಿ ಹಾಡು ಕೇಳಬೇಡ. ನಾಲ್ಕು ತಂತಿಯ ಬೇಸ್‌ನ ಎಲ್ಲಕ್ಕಿಂತ ಕೆಳಗಿನ ಸ್ವರ ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಕಂಪನ. ಫೋನಿನ ಪುಟ್ಟ ಸ್ಪೀಕರ್‌ಗೆ ಅಷ್ಟು ಕೆಳಗೆ ಇಳಿಯಲು ಆಗುವುದಿಲ್ಲ. ಅದೇ ಹೊರಡಿಸದ ಸದ್ದು ನಿನ್ನ ಕಿವಿಗೆ ಎಲ್ಲಿಂದ ಬರಬೇಕು? ಒಂದು ಒಳ್ಳೆಯ ಹೆಡ್‌ಫೋನ್ ಹಾಕಿಕೋ.

ಈಗ ಅಮೆರಿಕದ ಟೆಂಪ್ಟೇಷನ್ಸ್ ಎಂಬ ಹಾಡುಗಾರರ ತಂಡದ 'ಮೈ ಗರ್ಲ್' ಹಚ್ಚು. 1964ರ ಕೊನೆಯಲ್ಲಿ ಬಂದ ಹಾಡು. ಶುರುವಾಗುವುದೇ ಬೇಸ್‌ನಿಂದ. ಒಂದೆರಡು ಸ್ವರ, ನಡುವೆ ಬಿಡುವು, ಮತ್ತೆ ಅದೇ. ಆಮೇಲೆ ಗಿಟಾರ್ ಒಂದೊಂದೇ ಸ್ವರ ಮೇಲೇರುತ್ತಾ ಬಂದು ಸೇರುತ್ತದೆ. ಬಾಯಿ ತೆರೆದು ಯಾರೂ ಹಾಡುವ ಮೊದಲೇ ಇದು ಯಾವ ಹಾಡು ಎಂದು ಗೊತ್ತಾಗಿಬಿಡುತ್ತದೆ. ಇನ್ನೂ 'ಇದ್ದರೂ ಒಂದೇ' ಅನ್ನುತ್ತೀಯಾ?

ಅದನ್ನು ನುಡಿಸಿದವನು ಜೇಮ್ಸ್ ಜೇಮರ್ಸನ್. ಈ ಪತ್ರ ಬರೆಯುತ್ತಿರುವುದೇ ಅವನಿಗಾಗಿ. ಡೆಟ್ರಾಯಿಟ್‌ನ ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಸ್ಟುಡಿಯೋದಲ್ಲಿ 'ಫಂಕ್ ಬ್ರದರ್ಸ್' ಎಂಬ ವಾದ್ಯದವರ ತಂಡವಿತ್ತು, ಇವನು ಅದರಲ್ಲಿದ್ದ. ಅರವತ್ತರ ದಶಕದಲ್ಲಿ ಅಲ್ಲಿಂದ ಬಂದ ಎಷ್ಟೋ ಹಿಟ್ ಹಾಡುಗಳ ಬೇಸ್ ಇವನದೇ. ಮೊದಲು ಕಲಿತದ್ದು ನಿಂತು ನುಡಿಸುವ ದೊಡ್ಡ ಬೇಸ್. ಆಮೇಲೆ ಕೈಗೆ ಬಂದದ್ದು ಫೆಂಡರ್ ಪ್ರಿಸಿಷನ್ ಎಂಬ ಎಲೆಕ್ಟ್ರಿಕ್ ಬೇಸ್ ಗಿಟಾರ್. ಬಲಗೈಯ ತೋರುಬೆರಳು ಒಂದರಲ್ಲೇ ಮೀಟುತ್ತಿದ್ದ. ಆ ಬೆರಳಿಗೆ 'ಹುಕ್' ಎಂದೇ ಹೆಸರು ಬಿದ್ದಿತ್ತು. ತಂತಿ ಕಡಿದು ಹೋಗುವವರೆಗೂ ಬದಲಾಯಿಸುತ್ತಿರಲಿಲ್ಲ, ಹಳೆ ತಂತಿಯ ಕೊಳೆಯಲ್ಲೇ ನಾದ ಇದೆ ಎಂದು ನಂಬಿದ್ದ. ಅವನ ಬೇಸ್‌ನ ಆ ದಪ್ಪ, ಮೆತ್ತನೆಯ ದನಿ ಕೇಳಿದಾಗ ನನಗೂ ಹೌದು ಅನಿಸುತ್ತದೆ.

ಇವನ ಕೈಚಳಕ ಪೂರ್ತಿ ಗೊತ್ತಾಗಬೇಕಾದರೆ ಮಾರ್ವಿನ್ ಗೇ ಹಾಡಿದ 'ವಾಟ್ಸ್ ಗೋಯಿಂಗ್ ಆನ್' ಕೇಳಬೇಕು. 1971ರದ್ದು. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ. ಇಷ್ಟು ಜನ ಯಾಕೆ ಸಾಯುತ್ತಿದ್ದಾರೆ ಎಂದು ಅಮ್ಮನನ್ನು, ಅಣ್ಣತಮ್ಮಂದಿರನ್ನು ಕರೆದು ಕೇಳುವ ಹಾಡು. ಇದಕ್ಕೆ ಜೇಮರ್ಸನ್‌ನೇ ಬೇಕು ಎಂದು ಗೇ ಹುಡುಕಿಕೊಂಡು ಹೋಗಿ, ಅವನು ನುಡಿಸುತ್ತಿದ್ದ ಕ್ಲಬ್ಬಿನಿಂದ ಕರೆತಂದನಂತೆ. ಕುಡಿದಿದ್ದ ಜೇಮರ್ಸನ್‌ಗೆ ಸ್ಟೂಲಿನ ಮೇಲೆ ನೆಟ್ಟಗೆ ಕೂರಲೂ ಆಗಲಿಲ್ಲ. ನೆಲದ ಮೇಲೆ ಅಂಗಾತ ಮಲಗಿ ನುಡಿಸಿದ ಎಂದು ಹೇಳುತ್ತಾರೆ. ಮನೆಗೆ ಹೋಗಿ, ಇವತ್ತು ಮಾಡಿದ್ದು ಅಂತಿಂಥ ಹಾಡಲ್ಲ ಎಂದು ಹೆಂಡತಿಗೆ ಹೇಳಿದನಂತೆ.

ಅದನ್ನು ಎರಡು ಸಲ ಕೇಳು. ಒಂದು ಸಲ ನಿನ್ನ ಪಾಡಿಗೆ ಸುಮ್ನೆ ಕೇಳು. ಇನ್ನೊಂದು ಸಲ ಗೇ ದನಿಯನ್ನು ಬಿಟ್ಟು ಕೆಳಗೆ ನಡೆಯುತ್ತಿರುವುದನ್ನೇ ಹಿಂಬಾಲಿಸು. ಬೇಸ್ ಎಲ್ಲೂ ಸುಮ್ನೆ ತಾಳ ಕುಟ್ಟುವುದಿಲ್ಲ. ಹಾಡುಗಾರ ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಬೇಸ್ ಒಂದು ಮಾತು ಹೇಳಿ ಮುಗಿಸುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ನೇರ ಹೋಗದೆ ಅಕ್ಕಪಕ್ಕದ ಸ್ವರಗಳನ್ನು ಮುಟ್ಟಿ ಹೋಗುತ್ತದೆ. ನಮ್ಮ ಕಛೇರಿಗಳಲ್ಲಿ ಮೃದಂಗದವರು ಕೀರ್ತನೆಯ ಸಾಲು ಹಿಡಿದು ನುಡಿಸುತ್ತಾರಲ್ಲ, ಹಾಗೇ. ಇಷ್ಟೆಲ್ಲ ಮಾಡಿಯೂ ಹಾಡುಗಾರನಿಗೆ ಅಡ್ಡ ಬರುವುದಿಲ್ಲ. ನನಗೆ ದೊಡ್ಡದು ಅನಿಸುವುದು ಅದೇ.

ಒಂದು ವಿಷಯ ಮಾತ್ರ ಸಂಕಟ ತರುತ್ತದೆ. ಅಲ್ಲಿಯವರೆಗೆ ಮೋಟೌನ್ ರೆಕಾರ್ಡುಗಳ ಮೇಲೆ ವಾದ್ಯದವರ ಹೆಸರೇ ಇರುತ್ತಿರಲಿಲ್ಲ. ಅಷ್ಟು ವರ್ಷ ಜನ ಇವನ ಬೇಸ್‌ಗೆ ಕುಣಿದರು, ಇವನು ಯಾರು ಅಂತ ಗೊತ್ತಿಲ್ಲದೆ. 'ವಾಟ್ಸ್ ಗೋಯಿಂಗ್ ಆನ್' ಇರುವ ಆಲ್ಬಮ್ಮಿನ ಮೇಲೆ ಕೊನೆಗೂ ಹೆಸರು ಬಂತು. ಮರುವರ್ಷವೇ ಕಂಪನಿ ಲಾಸ್ ಏಂಜಲೀಸ್‌ಗೆ ಹೊರಟುಹೋಯಿತು. 1983ರಲ್ಲಿ ಮೋಟೌನ್‌ನ 25 ವರ್ಷದ ದೊಡ್ಡ ಕಾರ್ಯಕ್ರಮ ನಡೆದಾಗ ಜೇಮರ್ಸನ್ ತಾನೇ ಟಿಕೆಟ್ ಕೊಂಡು ಬಂದು ಜನರ ನಡುವೆ ಕೂತು ನೋಡಿದ ಎಂದು ಬರೆದಿದ್ದಾರೆ. ಮೈಕಲ್ ಜಾಕ್ಸನ್ ಮೂನ್‌ವಾಕ್ ಮಾಡಿದ್ದು ಅದೇ ಕಾರ್ಯಕ್ರಮದಲ್ಲಿ, 'ಬಿಲ್ಲಿ ಜೀನ್' ಹಾಡಿಗೆ. ಬೇಸ್ ಬಿಟ್ಟರೆ ಆ ಹಾಡೇ ಇಲ್ಲ, ಅಲ್ವಾ? ಆ ಬೇಸ್ ನುಡಿಸಿದವನು ಲೂಯಿ ಜಾನ್ಸನ್. ಆ ವರ್ಷದ ಆಗಸ್ಟ್‌ನಲ್ಲಿ ಜೇಮರ್ಸನ್ ತೀರಿಕೊಂಡ. ಇನ್ನೂ 47 ವರ್ಷ. ದೊಡ್ಡ ಸಂಗೀತಗಾರರನ್ನು ಗೌರವಿಸುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಅವನನ್ನು ಸೇರಿಸಿಕೊಂಡದ್ದು 2000ದಲ್ಲಿ. ಬದುಕಿದ್ದಾಗಲೇ ಸಿಗಬೇಕಿತ್ತು.

ಬೇರೆಯವರನ್ನೂ ಕೇಳು. ಶೀಕ್ ತಂಡದ 'ಗುಡ್ ಟೈಮ್ಸ್' (1979) ಕೇಳಿದ ಮೇಲೆ ಕ್ವೀನ್ ತಂಡದ 'ಅನದರ್ ವನ್ ಬೈಟ್ಸ್ ದ ಡಸ್ಟ್' (1980) ಹಾಕು. ಶೀಕ್‌ನ ಬೇಸ್‌ನವನು ಬರ್ನಾರ್ಡ್ ಎಡ್ವರ್ಡ್ಸ್ ನುಡಿಸಿದ್ದು ಕ್ವೀನ್‌ನ ಬೇಸ್‌ನವನು ಜಾನ್ ಡೀಕನ್‌ಗೆ ಹೇಗೆ ತಗುಲಿತು ಎಂಬುದು ತಾನಾಗಿ ಗೊತ್ತಾಗುತ್ತದೆ. ದೂರ ಹೋಗುವುದೂ ಬೇಡ. 1981ರ 'ಗೀತಾ' ಸಿನಿಮಾದ ಹಾಡುಗಳು ನಿನಗೆ ಬಾಯಿಪಾಠ. 'ಜೊತೆಯಲಿ ಜೊತೆಜೊತೆಯಲಿ' ಹಾಕಿ, ಎಸ್‌ಪಿಬಿ ಮತ್ತು ಜಾನಕಿಯಮ್ಮನ ದನಿಯ ಕೆಳಗೆ ಇಳಯರಾಜಾ ಅವರು ಏನು ಇಟ್ಟಿದ್ದಾರೆ ನೋಡು. ನನ್ನ ಮಟ್ಟಿಗೆ ಬೇಸ್ ಅನ್ನು ಇಷ್ಟು ಪ್ರೀತಿಯಿಂದ ಬಳಸಿದವರು ನಮ್ಮ ಸಿನಿಮಾದಲ್ಲಿ ಇನ್ನೊಬ್ಬರಿಲ್ಲ.

ಕೊನೆಗೆ ಸ್ಟೀವಿ ವಂಡರ್‌ನ 'ಫಾರ್ ವನ್ಸ್ ಇನ್ ಮೈ ಲೈಫ್' (1968) ಉಳಿಸಿಕೋ. ಅದೂ ಜೇಮರ್ಸನ್‌ದೇ, ಸ್ವರಗಳು ತುಂಬಾ ಜಾಸ್ತಿ, ಮೊದಲ ಸಲಕ್ಕೆ ಹಿಡಿತಕ್ಕೆ ಸಿಗುವುದಿಲ್ಲ. 'ಮೈ ಗರ್ಲ್' ಮತ್ತು ಇದು, ಎರಡರಲ್ಲಿ ನಿನಗೆ ಯಾವುದು ಹಿಡಿಸಿತು ಬರೆ. ನಾನು 'ಮೈ ಗರ್ಲ್' ಕಡೆ.

ನಿನ್ನ ಗೆಳೆಯ