ಗಿಟಾರಿಗಿಂತ ಮೊದಲು ಅರ್ಥಿಂಗ್

ಮಾನ್ಯ ಸಂಪಾದಕರೇ,

ಕೊಡಗಿನ ಯುವಕರ ರಾಕ್ ತಂಡವೊಂದು ಕಾಫಿ ತೋಟದ ಗೋದಾಮಿನಲ್ಲಿ ತನ್ನ ಮೊದಲ ಆಲ್ಬಂನ ಧ್ವನಿಮುದ್ರಣ ಮಾಡಿಕೊಂಡ ಕುರಿತು ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಬರಹವನ್ನು ಓದಿದೆ. ಆ ಗೋದಾಮು ನಮ್ಮದೇ ಆದ್ದರಿಂದ ಕೆಲವು ಮಾತು ಸೇರಿಸಲು ಅವಕಾಶ ಕೋರುತ್ತೇನೆ. ಬರಹದ ಮುಕ್ಕಾಲು ಪಾಲು ಗಿಟಾರುಗಳ ಬ್ರ್ಯಾಂಡ್ ಮತ್ತು ಬೆಲೆಗೆ ಹೋಗಿದೆ. ಅದನ್ನು ಓದಿದ ಮಕ್ಕಳು, ದುಬಾರಿ ಗಿಟಾರೊಂದನ್ನು ಕೊಡಿಸಿಬಿಟ್ಟರೆ ಆಲ್ಬಂ ಆದಂತೆಯೇ ಎಂದು ಮನೆಯಲ್ಲಿ ಹಟ ಹಿಡಿದಾರು.

ಮೊದಲ ಎರಡು ದಿನದ ಕೆಲಸ ಹಾಳಾದದ್ದು ನಮ್ಮ ಗೋದಾಮಿನ ಹಳೆಯ ವಯರಿಂಗಿನಿಂದ. ಸ್ಟ್ರಾಟೋಕಾಸ್ಟರ್ ಮಾದರಿಯ ಗಿಟಾರಿನಲ್ಲಿರುವ ಸಿಂಗಲ್ ಕಾಯಿಲ್ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಒಂದೇ ಸುರುಳಿಯ ಸಾಧನ, ಆ ಕಂಪನದ ಜೊತೆಗೆ ಸುತ್ತಲಿನ ವಿದ್ಯುತ್ತಿನ 50 ಹರ್ಟ್ಜ್ ಗುಂಯ್ ಸದ್ದನ್ನೂ ಹಿಡಿದುಕೊಳ್ಳುತ್ತದೆ. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ ಆ ಸದ್ದನ್ನು ಅಳಿಸುವ ಹಂಬಕರ್ ಪಿಕಪ್ಪನ್ನು ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲೇ ರೂಪಿಸಿದ್ದರಾದರೂ, ಅದನ್ನು ಹಾಕಿದರೆ ಈ ಗಿಟಾರಿನ ತಿಳಿಯಾದ ಸ್ವರ ಹಾಗೆಯೇ ಉಳಿಯುವುದಿಲ್ಲ. ತಗ್ಗು ಸ್ವರದ ಬೇಸ್ ಗಿಟಾರಿಗೂ ಇದೇ ಕಾಟವಿತ್ತು. ಆಮೇಲೆ ಕಂಪ್ಯೂಟರಿನಲ್ಲಿ ಆ ಸದ್ದನ್ನು ಕತ್ತರಿಸಿದರಾಯಿತು ಎಂದು ನಾನು ಸುಲಭವಾಗಿ ಹೇಳಿಬಿಟ್ಟೆ; ಆದರೆ ಬೇಸಿನ ಅತಿ ದಪ್ಪ ತಂತಿಯ ಮೂರನೇ ಫ್ರೆಟ್ಟಿನಲ್ಲಿ, ಅಂದರೆ ಕತ್ತಿನ ಮೇಲಿನ ಮೂರನೇ ಲೋಹದ ಪಟ್ಟಿಯ ಬಳಿ ಒತ್ತಿದಾಗ, ಹುಟ್ಟುವ ಸ್ವರ 49 ಹರ್ಟ್ಜ್ ಆದ್ದರಿಂದ, ಸದ್ದಿನೊಂದಿಗೆ ಆ ಸ್ವರವೂ ಸೊರಗುತ್ತದೆಯಂತೆ. ಕೊನೆಗೆ ಎಲೆಕ್ಟ್ರಿಷಿಯನ್ ಬಂದು ಹೊಸ ಗುಂಡಿ ತೋಡಿ, ಇದ್ದಿಲು ಮತ್ತು ಉಪ್ಪು ತುಂಬಿ ಅರ್ಥಿಂಗ್ ಮಾಡಿದ ಮೇಲೆ ಗಲಾಟೆ ಬಹುಪಾಲು ಇಳಿಯಿತು. ಉಳಿದದ್ದಕ್ಕೆ ಗಿಟಾರ್ ವಾದಕ ಟ್ಯೂಬ್‌ಲೈಟ್ ಆರಿಸಿ, ಸದ್ದು ಕಡಿಮೆಯಾಗುವ ದಿಕ್ಕನ್ನು ಹುಡುಕಿ ಗೋಡೆಗೆ ಮುಖ ಮಾಡಿ ಕುಳಿತ.

ಮೈಕುಗಳ ಬಗ್ಗೆ ಬರಹದಲ್ಲಿ ಒಂದು ವಾಕ್ಯವೂ ಇಲ್ಲ. ಸ್ನೇರ್ ಡ್ರಮ್ಮಿಗೂ ಗಿಟಾರಿನ ಆಂಪ್ಲಿಫೈಯರಿಗೂ ಇಟ್ಟದ್ದು 1965ರಿಂದ ಮಾರುಕಟ್ಟೆಯಲ್ಲಿರುವ, ಅಂಥ ದುಬಾರಿಯೇನೂ ಅಲ್ಲದ ಶೂರ್ ಎಸ್‌ಎಂ57. ಸ್ಪೀಕರಿನ ಮುಂದಿದ್ದ ಅದನ್ನು ನಡುವಿನಿಂದ ಅಂಚಿನ ಕಡೆಗೆ ಎರಡು ಬೆರಳಿನಷ್ಟು ಸರಿಸಿದಾಗ ಕಿವಿಗೆ ಚುಚ್ಚುತ್ತಿದ್ದ ಸ್ವರ ಮೆತ್ತಗಾದದ್ದನ್ನು ನಾನೇ ಕೇಳಿದ್ದೇನೆ. ಡ್ರಮ್ಮಿನ ಸುತ್ತ ಆಳೆತ್ತರಕ್ಕೆ ಪೇರಿಸಿದ ರೋಬಸ್ಟಾ ಕಾಫಿ ಚೀಲಗಳು ಬರಿಗೋಡೆಯ ಪ್ರತಿಧ್ವನಿಯನ್ನು ತಕ್ಕಮಟ್ಟಿಗೆ ನುಂಗಿದವು. ಆದರೆ ತಗಡಿನ ಮಾಡಿಗೆ ಮಾತ್ರ ಪರಿಹಾರ ಸಿಗಲಿಲ್ಲ; ಕಾಫಿ ಹೂವನ್ನು ಅರಳಿಸುವ ಹೂಮಳೆ ಸುರಿದ ಸಂಜೆ ಗಾಯನವನ್ನು ನಿಲ್ಲಿಸಲೇಬೇಕಾಯಿತು. ಬೆಳೆಗಾರನಾದ ನನಗೆ ಆ ಮಳೆ ಹಿತವಾಗಿತ್ತೆಂದು ಅವರೆದುರು ಹೇಳಲಿಲ್ಲ.

ಇನ್ನು, ಅಕೂಸ್ಟಿಕ್ ಗಿಟಾರಿನ ಹಿಂಬದಿಯನ್ನು ‘ಅಪರೂಪದ ವಿದೇಶಿ ಮರ’ ಎಂದು ವರ್ಣಿಸಲಾಗಿದೆ. ಅಂಗಡಿಯವರು ಇಂಡಿಯನ್ ರೋಸ್‌ವುಡ್ ಎಂದು ಕರೆಯುವ ಅದು ನಮ್ಮ ತೋಟಗಳಲ್ಲಿ ಕಾಫಿಗೆ ನೆರಳಾಗಿ ನಿಂತಿರುವ ಬೀಟೆಯೇ. ಹಾಗೆಯೇ ಚಿತ್ರದ ಎಡಬದಿಯಲ್ಲಿರುವ ಯುವತಿಯ ಕೈಯಲ್ಲಿರುವುದು ನಾಲ್ಕು ತಂತಿಗಳ ಬೇಸ್. ಅಡಿಬರಹದಲ್ಲಿ ಬರೀ ಗಿಟಾರ್ ಎಂದು ಅಚ್ಚಾಗಿದೆ. ಆಕೆ ಬೇಸರ ಮಾಡಿಕೊಂಡಿದ್ದಾಳೆ, ದಯವಿಟ್ಟು ತಿದ್ದುಪಡಿ ಪ್ರಕಟಿಸಿ.

– ಕಾಫಿ ಬೆಳೆಗಾರ, ಸುಂಟಿಕೊಪ್ಪ, ಕೊಡಗು